ಬಾಗಿಲು ಜೋತರೆ ಮೊದಲು ಲಾಕ್ ಮುಟ್ಟಬೇಡಿ

ಕಾರಿನ ಬಾಗಿಲು ಸರಿಯಾಗಿ ಹಾಕಿಕೊಳ್ಳುತ್ತಿಲ್ಲ ಎಂದು ಶಿವಮೊಗ್ಗದ ನನ್ನ ಟಿಂಕರಿಂಗ್ ಶೆಡ್ಡಿಗೆ ಬರುವವರಲ್ಲಿ ಹೆಚ್ಚಿನವರು ಬೆರಳು ತೋರಿಸುವುದು ಲಾಕಿನ ಕಡೆಗೆ. ಅಷ್ಟರಲ್ಲಾಗಲೇ ಯಾರೋ ಪಿಲ್ಲರ್ ಮೇಲಿನ ಸ್ಟ್ರೈಕರ್, ಅಂದರೆ ಲಾಕ್ ಕಚ್ಚಿಕೊಳ್ಳುವ ಕೊಂಡಿಯನ್ನು ಸಡಿಲಿಸಿ ಒಂದಿಷ್ಟು ಕೆಳಕ್ಕೆ ಇಳಿಸಿರುತ್ತಾರೆ. ಬಾಗಿಲೇನೋ ಆಗ ಹಾಕಿಕೊಳ್ಳುತ್ತದೆ. ಆದರೆ ಜೋತದ್ದು ಜೋತೇ ಇರುತ್ತದೆ. ಕೆಳಗಿನ ಅಂಚು ದಿನಾ ಪೇಂಟ್ ಕೆರೆಯುತ್ತದೆ, ಮಳೆಗಾಲದಲ್ಲಿ ಅಲ್ಲಿಂದಲೇ ತುಕ್ಕು ಶುರು.

ಬಾಗಿಲನ್ನು ಹೊತ್ತಿರುವುದು ಎರಡೇ ಎರಡು ಹಿಂಜ್. ಸಣ್ಣ ಕಾರಿನ ಬಾಗಿಲು ಸುಮಾರು 20 ಕಿಲೋ ತೂಗುತ್ತದೆ, ಒಂದು ಮೀಟರ್ ಉದ್ದವಿದೆ, ಹಿಂಜ್‌ಗಳ ನಡುವೆ 35 ಸೆಂಟಿಮೀಟರ್ ಅಂತರ ಎಂದು ಇಟ್ಟುಕೊಳ್ಳಿ. ಬಾಗಿಲಿನ ಭಾರ ಮೇಲಿನ ಹಿಂಜನ್ನು ಹೊರಕ್ಕೆ ಜಗ್ಗುತ್ತದೆ, ಕೆಳಗಿನದನ್ನು ಒಳಕ್ಕೆ ಒತ್ತುತ್ತದೆ. ಮೇಲಿನ ಪಿನ್ ಒಂದೇ ಒಂದು ಮಿಲಿಮೀಟರ್ ಸವೆದರೂ ಲಾಕಿನ ತುದಿ ಹೆಚ್ಚುಕಡಿಮೆ 3 ಮಿಲಿಮೀಟರ್ ಇಳಿಯುತ್ತದೆ. ಲಾಕ್ ತಪ್ಪಲು ಅಷ್ಟು ಸಾಕು. ಇನ್ನು ತೆರೆದ ಬಾಗಿಲ ತುದಿ ಹಿಡಿದು, 30 ಕಿಲೋ ಭಾರ ಅದರ ಮೇಲೆ ಬಿಟ್ಟು ಎದ್ದರೆ, ಆ ಒಂದು ಕ್ಷಣ ಮೇಲಿನ ಹಿಂಜಿನ ಮೇಲೆ ಹೆಚ್ಚುವರಿಯಾಗಿ ಬೀಳುವ ಸೆಳೆತ 80 ಕಿಲೋ ದಾಟುತ್ತದೆ.

ಮೊನ್ನೆ ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಮಾರುತಿ 800 ತಂದಿದ್ದರು. 1983ರ ಡಿಸೆಂಬರಿನಲ್ಲಿ ಬಂದ ಈ ಮಾದರಿಯ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಹಾಗಾಗಿ ಈಗ ಓಡುತ್ತಿರುವುದೆಲ್ಲ ವಯಸ್ಸಾದ ಗಾಡಿಗಳೇ.

“ಲಾಕ್ ಹೊಸದು ಹಾಕ್ಬಿಡಪ್ಪ” ಅಂದರು.

“ಲಾಕ್ ಚೆನ್ನಾಗೇ ಇದೆ ಮೇಷ್ಟ್ರೇ. ಇಲ್ಲಿ ಬೆರಳಿಡಿ” ಎಂದು ಅವರ ತೋರುಬೆರಳನ್ನು ಮೇಲಿನ ಹಿಂಜಿನ ಮೇಲಿಡಿಸಿ, ಅರ್ಧ ತೆರೆದ ಬಾಗಿಲನ್ನು ಹಿಡಿಯ ಹತ್ತಿರ ಮೇಲಕ್ಕೆತ್ತಿ ಇಳಿಸಿದೆ. ಪಿನ್ ಟಕ್ ಟಕ್ ಎಂದು ಆಡುವುದು ಅವರಿಗೇ ಗೊತ್ತಾಯಿತು.

ಈ ಪರೀಕ್ಷೆ ಯಾರು ಬೇಕಾದರೂ ಮಾಡಬಹುದು. ಪಿನ್ ಅಲ್ಲಾಡಿದರೆ ಪಿನ್ನೋ ಬುಷ್ಷೋ ಸವೆದಿದೆ. ಇಡೀ ಹಿಂಜ್ ಜರುಗಿದರೆ ಬೋಲ್ಟ್ ಸಡಿಲ. ಹಿಂಜ್ ಕೂತಿರುವ ಪಿಲ್ಲರಿನ ತಗಡೇ ಉಸಿರಾಡಿದಂತೆ ಒಳಹೊರಗೆ ಆದರೆ ಒಳಗೆ ಬಿರುಕೋ ತುಕ್ಕೋ ಇದೆ. ಅದು ವೆಲ್ಡಿಂಗ್ ಕೆಲಸ, ಖರ್ಚಿನದು, ಮುಂದೂಡುವಂತಿಲ್ಲ.

ಮೇಷ್ಟ್ರ ಗಾಡಿಯದು ಪಿನ್ನಿನ ಕೆಲಸ. ಬಾಗಿಲಿನ ಕೆಳಗೆ ಜಾಕಿ ಕೊಟ್ಟು, ನಡುವೆ ಮರದ ತುಂಡು, ಅದರ ಮೇಲೆ ಮಡಚಿದ ಗೋಣಿಚೀಲ ಇಟ್ಟೆ. ಬಾಗಿಲು ಒಬ್ಬರೇ ಹಿಡಿದು ಬಿಚ್ಚುವ ವಸ್ತುವಲ್ಲ, ಶೆಡ್ಡಿನ ಹುಡುಗ ಆ ಕಡೆ ಹಿಡಿದಿದ್ದ. ಹಿಂಜಿನ ಸುತ್ತ ಗೀಟು ಹಾಕಿಕೊಂಡರೆ ವಾಪಸ್ ಅದೇ ಜಾಗಕ್ಕೆ ಕೂರಿಸಬಹುದು. ಬಾಗಿಲು ತಡೆಯುವ ಪಟ್ಟಿ ಕಳಚಿ, ಬೋಲ್ಟ್ ಬಿಚ್ಚಿ, ಪಿನ್ನನ್ನು ಪಂಚ್ ಇಟ್ಟು ಹೊಡೆದು ತೆಗೆದೆವು. ಪಿನ್ನಿನ ಒಂದು ಮಗ್ಗುಲು ಹೊಸದರಂತೆ ದುಂಡಗಿತ್ತು. ಇನ್ನೊಂದು ಮಗ್ಗುಲು ತಿಂದುಹೋಗಿ, ಬೆಳ್ಳಗೆ ಹೊಳೆಯುತ್ತಾ, ಉಗುರು ಸಿಕ್ಕಿಕೊಳ್ಳುವಷ್ಟು ಮೆಟ್ಟಿಲು ಬಿದ್ದಿತ್ತು. ರಂಧ್ರವೂ ದುಂಡಗೆ ಉಳಿದಿರಲಿಲ್ಲ.

ಹೊಸ ಹಿಂಜ್ ಸಿಗುವಾಗ ಅದನ್ನೇ ಹಾಕುತ್ತೇನೆ. ಸಿಗದಿದ್ದರೆ ಪಕ್ಕದ ಲೇತ್ ಅಂಗಡಿ. ಸವೆದ ರಂಧ್ರವನ್ನು ದುಂಡಗೆ ಕೊರೆಸಿ ಗನ್‌ಮೆಟಲ್ ಬುಷ್ ಒತ್ತಿಸಿ, ಅದಕ್ಕೆ ಅಳತೆಯಾಗಿ ಪಿನ್ ಕಡೆಸುವುದು. ಬೆರಳಲ್ಲಿ ತಿರುಗಿಸಿದರೆ ಪಿನ್ ತಿರುಗಬೇಕು, ಅಲ್ಲಾಡಿಸಿದರೆ ಅಲ್ಲಾಡಬಾರದು. ಹಿಂಜಿನ ಸಂದಿಗೆ ಸ್ಪ್ಯಾನರ್ ತುರುಕಿ ಬಾಗಿಲು ಅದುಮಿ, ಹಿಂಜನ್ನೇ ಬಗ್ಗಿಸಿ ‘ಸರಿಹೋಯ್ತು’ ಎನ್ನುವವರೂ ಇದ್ದಾರೆ. ಸವೆದ ಪಿನ್ ಒಳಗೆ ಹಾಗೇ ಇರುತ್ತದೆ. ಅದನ್ನು ನಾನು ರಿಪೇರಿ ಎಂದು ಒಪ್ಪುವುದಿಲ್ಲ.

ಬಾಗಿಲು ಮತ್ತೆ ಕೂತ ಮೇಲೆ ಸುತ್ತಲಿನ ಸಂದಿ ಒಂದೇ ಸಮ ಬಂತೇ ಎಂದು ನೋಡಿ, ಸ್ಟ್ರೈಕರ್ ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ.

ನಮ್ಮ ಮಲೆನಾಡಿನ ಹಿಂಜ್‌ಗಳನ್ನು ತಿನ್ನುವುದು ಮಳೆಗಿಂತ ಹೆಚ್ಚಾಗಿ ಬೇಸಿಗೆಯ ಕೆಂಧೂಳು. ಹಳೆ ಗ್ರೀಸಿಗೆ ಧೂಳು ಕೂತರೆ ಪಿನ್ನನ್ನು ಅರೆಯುತ್ತದೆ. ಅದರ ಮೇಲೇ ಹೊಸ ಗ್ರೀಸ್ ಮೆತ್ತಿದರೆ ಧೂಳು ಇನ್ನಷ್ಟು ಒಳಗೆ ಹೋಗುತ್ತದೆ. ಹಳೆ ಬ್ರಷ್ಷಿಗೆ ಸ್ವಲ್ಪ ಸೀಮೆಎಣ್ಣೆ ಹಚ್ಚಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಮೊದಲು ತೆಳು ಎಣ್ಣೆ ಎರಡು ಹನಿ ಬಿಟ್ಟು ಬಾಗಿಲನ್ನು ನಾಲ್ಕಾರು ಸಲ ಆಡಿಸಿ. ಆಮೇಲೆ ಬಿಳಿ ಲಿಥಿಯಂ ಗ್ರೀಸ್ ತೆಳ್ಳಗೆ ಸವರಿ. ಎಂಜಿನ್ನಿಂದ ತೆಗೆದ ಕರಿ ಆಯಿಲ್ ಬೇಡ. ಸುತ್ತಲಿನ ರಬ್ಬರಿಗೂ ಎಣ್ಣೆ ತಾಗಬಾರದು, ಊದಿಕೊಳ್ಳುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೊಮ್ಮೆ ಮಾಡಿದರೆ ಸಾಕು. ಹಾಗೇ ಬಾಗಿಲ ತಳದಲ್ಲಿರುವ ನೀರು ಇಳಿಯುವ ತೂತುಗಳನ್ನು ಕಡ್ಡಿಯಿಂದ ಬಿಡಿಸಿ. ಕಟ್ಟಿಕೊಂಡರೆ ನೀರು ಒಳಗೇ ನಿಂತು ಬಾಗಿಲು ಭಾರವಾಗುತ್ತದೆ, ಒಳಗಿಂದ ಕೊಳೆಯುತ್ತದೆ.

ಮೇಷ್ಟ್ರಿಗೆ ಮಂಡಿನೋವು. ಬಾಗಿಲು ಹಿಡಿಯದೆ ಏಳಲು ಆಗುವುದಿಲ್ಲ, ಹಿಡಿಯಬೇಡಿ ಎಂದು ಹೇಳುವ ಮನಸ್ಸೂ ನನಗಿಲ್ಲ. ಅದಕ್ಕೇ ಡ್ರೈವರ್ ಸೀಟಿನ ಮೇಲೆ, ಛಾವಣಿಯ ಅಂಚಿಗೆ ಒಂದು ಗಟ್ಟಿ ಹಿಡಿ ಕೂರಿಸಿಕೊಟ್ಟೆ. ಬರೀ ತಗಡಿಗೆ ಸ್ಕ್ರೂ ಬಿಗಿದರೆ ಕಿತ್ತು ಬರುತ್ತದೆ, ಒಳಗಡೆ ಕಬ್ಬಿಣದ ಪಟ್ಟಿ ಕೊಟ್ಟು ಬೋಲ್ಟ್ ಹಾಕಿದ್ದೇನೆ. ಹೊಸ ಗಾಡಿಯವರು ಇದನ್ನು ಕೇಳಿದರೆ ಮಾತ್ರ ಮೊದಲು ಛಾವಣಿಯ ಅಂಚಿನಲ್ಲಿ ಏರ್‌ಬ್ಯಾಗ್ ಇದೆಯೇ ನೋಡುತ್ತೇನೆ. ಇದ್ದರೆ ಅಲ್ಲಿ ಡ್ರಿಲ್ ಇಡುವುದಿಲ್ಲ.