ಮನಸ್ಸಿನ ಆಪತ್ಕಾಲದಲ್ಲಿ ಗ್ರಾಮದ ಮುಖಂಡರ ಕರ್ತವ್ಯ

ಸಂತೇಬೆನ್ನೂರು ಸೀಮೆಯ ರೈತರು ಅಡಕೆ ತೋಟವನ್ನೂ ಮೆಕ್ಕೆಜೋಳದ ಹೊಲವನ್ನೂ ನಂಬಿ ಬಾಳತಕ್ಕವರು. 2023ರಲ್ಲಿ ಮಳೆಯು ತಪ್ಪಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿಸಲ್ಪಟ್ಟುವು. ಚನ್ನಗಿರಿ ತಾಲ್ಲೂಕಿನಲ್ಲಿ ಕೊಳವೆಬಾವಿಗಳು ಬತ್ತಿ, ತೋಟಗಳಿಗೆ ಟ್ಯಾಂಕರಿನಲ್ಲಿ ನೀರು ತರಬೇಕಾಯಿತು. ಇಂತಹ ಕಾಲದಲ್ಲಿ ಮರವು ಒಣಗುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಯಜಮಾನನ ಮನಸ್ಸು ಕುಗ್ಗುವುದು ಅಷ್ಟು ಬೇಗ ಕಾಣಿಸುವುದಿಲ್ಲ.

ನಿದ್ರೆಯೂ ಊಟವೂ ತಪ್ಪುವುದು, ಜನರೊಡನೆ ಮಾತು ಬಿಡುವುದು, ಕುಡಿತ ಹೆಚ್ಚುವುದು, ದನಕರುಗಳನ್ನೂ ಒಡವೆಗಳನ್ನೂ ಕಾರಣವಿಲ್ಲದೆ ಪರರಿಗೆ ಒಪ್ಪಿಸುವುದು, "ನಾನಿದ್ದು ಏನು ಪ್ರಯೋಜನ" ಎನ್ನುವುದು—ಇವು ಆಪತ್ತಿನ ಲಕ್ಷಣಗಳು. ಇಲ್ಲದ ಧ್ವನಿ ಕೇಳಿಸುವುದು, ಮನೆಯವರ ಮೇಲೆಯೇ ಸಂಶಯಪಡುವುದು, ಗುರಿಯಿಲ್ಲದೆ ಅಲೆಯುವುದು ಮತ್ತೊಂದು ಬಗೆಯವು. ಇವೆಲ್ಲವೂ ಚಿಕಿತ್ಸೆಗೆ ಒಳಪಡುವಂತಹವು. ಗ್ರಹಚಾರವೆಂದು ಕಾಲ ಕಳೆಯತಕ್ಕದ್ದಲ್ಲ.

ಮಳೆಗೆ ಮೊದಲೇ ಬದುವನ್ನು ಭದ್ರಪಡಿಸುವಂತೆ ಇದಕ್ಕೂ ಮುಂಚಿತವಾಗಿ ಸಿದ್ಧತೆಯಿರಬೇಕು. ಕ್ರಿಮಿನಾಶಕಗಳನ್ನು ಮನೆಯೊಳಗೆ ಕೈಗೆ ಸಿಕ್ಕುವಂತೆ ಇಡದೆ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಬೇರೊಬ್ಬರ ವಶದಲ್ಲಿಡುವುದು ಮೊದಲನೆಯ ಕೆಲಸ. ಸಂಕಟದ ಆವೇಗವು ಬಹುಮಟ್ಟಿಗೆ ಸ್ವಲ್ಪ ಹೊತ್ತಿನದು; ಆ ಹೊತ್ತಿನಲ್ಲಿ ವಿಷವು ದೂರವಿದ್ದರೆ ಪ್ರಾಣವು ಉಳಿಯುತ್ತದೆ. ಟೆಲಿ ಮಾನಸ್ ಸಹಾಯವಾಣಿಯ 14416 ಮತ್ತು ಆಂಬುಲೆನ್ಸಿನ 108 ಸಂಖ್ಯೆಗಳನ್ನು ಚಾವಡಿಯಲ್ಲಿಯೂ ಹಾಲಿನ ಡೈರಿಯಲ್ಲಿಯೂ ಬರೆದಿಡುವುದು ಲೇಸು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸಹಾಯವಾಣಿಯು ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುತ್ತದೆ.

ಆಪತ್ತು ಒದಗಿದಾಗ ರೋಗಿಯನ್ನು ಒಂಟಿಯಾಗಿ ಬಿಡಕೂಡದು. ಗುಂಪು ಸೇರಿಸದೆ, ನಂಬಿಕೆಯ ಒಬ್ಬರು ಹತ್ತಿರ ಕುಳಿತು ಮೆಲ್ಲನೆ ಮಾತನಾಡಬೇಕು. "ಸಾಯಬೇಕೆಂಬ ಯೋಚನೆ ಬಂದಿದೆಯೆ?" ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆಯು ಹುಟ್ಟುವುದಿಲ್ಲ, ಭಾರವು ಇಳಿಯುತ್ತದೆ. ಉಪದೇಶವೂ ನಿಂದೆಯೂ ಬೇಡ. ವಿಷ ಸೇವಿಸಿದ್ದರೆ ಬಲವಂತವಾಗಿ ವಾಂತಿ ಮಾಡಿಸದೆ, ಔಷಧದ ಡಬ್ಬಿಯೊಡನೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಪೋಲೀಸರ ಭಯದಿಂದ ತಡಮಾಡಲಾಗದು: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 115ನೆಯ ಪ್ರಕರಣದ ಮೇರೆಗೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸತಕ್ಕದ್ದು. ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ಅದೇ ಕಾಯಿದೆಯು ನಿಷೇಧಿಸಿದೆ.

ಚಿಕಿತ್ಸೆಯು ದೂರದ ನಗರಗಳಿಗೆ ಮಾತ್ರ ಮೀಸಲೆಂಬ ಭಾವನೆಯು ಸರಿಯಲ್ಲ. 1985ರಲ್ಲಿ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿಯನ್ನಿತ್ತು, ಹಳ್ಳಿಯ ಹತ್ತಿರವೇ ಚಿಕಿತ್ಸೆ ಸಾಧ್ಯವೆಂದು ತೋರಿಸಿದರು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾಯಿತು. ನೆರೆಯ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ತೀವ್ರ ಮನೋರೋಗಿಗಳನ್ನು ಅವರ ಊರುಗಳಲ್ಲಿಯೇ ಗುರುತಿಸಿ ಉಪಚರಿಸುವ ಕಾರ್ಯವು ನಡೆಯಿತು.

ಗುಣಮುಖನಾಗಿ ಮರಳಿದವನನ್ನು ಹುಚ್ಚನೆಂದು ಹಾಸ್ಯಮಾಡದೆ, ಮೊದಲಿನಂತೆಯೇ ಕೆಲಸಕ್ಕೂ ಪಂಕ್ತಿಗೂ ಕರೆಯುವುದು ಮುಖಂಡರ ಕರ್ತವ್ಯ. ವೈದ್ಯರು ಹೇಳುವವರೆಗೂ ಔಷಧವನ್ನು ನಿಲ್ಲಿಸದಂತೆ ನೋಡಿಕೊಳ್ಳಬೇಕು. ಸಾಲವಿದ್ದಲ್ಲಿ ಬ್ಯಾಂಕಿನವರೊಡನೆ ಮಾತನಾಡಲು ಜೊತೆಗೆ ಹೋಗುವುದೂ ಚಿಕಿತ್ಸೆಗೆ ನೆರವಾಗುತ್ತದೆ. ಕೆಟ್ಟ ಬೆಳೆಯನ್ನು ಮರುವರ್ಷ ಬಿತ್ತಿ ಪಡೆಯಬಹುದು. ಬೆಳೆಗಾರನನ್ನು ಹಾಗೆ ಪಡೆಯಲಾಗದು.