ಒಳದಾರಿ ಎಂದರೆ ಹತ್ತಿರದ ದಾರಿಯಲ್ಲ: ಒಂದು ಮರುಬೋಧನೆಯ ಅನುಭವ

ಅಣುಬೋಧನೆಯಲ್ಲಿ ಉದಾಹರಣೆಗಳ ಮೂಲಕ ವಿವರಿಸುವ ಕೌಶಲಕ್ಕೆ ನಾನು ಆರಿಸಿಕೊಂಡ ವಿಷಯ ಎಂಪಿಎಲ್‌ಎಸ್, ಅಂದರೆ ಲೇಬಲ್ ನೋಡಿ ಪ್ಯಾಕೆಟ್ ಸಾಗಿಸುವ ವಿಧಾನ. ದೂರದೂರದ ಕಚೇರಿಗಳನ್ನು ಜೋಡಿಸಲು ಬಿಎಸ್‌ಎನ್‌ಎಲ್ ಮುಂತಾದ ಸಂಸ್ಥೆಗಳು ಈ ಸೇವೆ ಕೊಡುತ್ತವೆ.

ಆರು ನಿಮಿಷದ ಮೊದಲ ಪಾಠದಲ್ಲಿ, "ಲೇಬಲ್ ಹಾದಿ ಒಂದು ಒಳದಾರಿ, ನಮ್ಮ ಕೊಣ್ಣೂರಿನಿಂದ ಹೊಲದ ಹಾದಿ ಹಿಡಿದು ಗೋಕಾಕ ಫಾಲ್ಸಿಗೆ ಹೋದಂತೆ" ಎಂದೆ. ವಿದ್ಯಾರ್ಥಿಗಳಾಗಿ ಕುಳಿತಿದ್ದ ಸಹಪಾಠಿಗಳು ತಲೆಯಾಡಿಸಿದರು. ಕೊನೆಗೆ ಇದರ ಲಾಭವೇನೆಂದು ಕೇಳಿದಾಗ ಎಲ್ಲರ ಉತ್ತರ ಒಂದೇ: "ದೂರ ಕಡಿಮಿ ಆಗ್ತದ್ರಿ." ಉತ್ತರ ತಪ್ಪು. ಆದರೆ ಅವರನ್ನು ತಪ್ಪಿಗೆ ಒಯ್ದದ್ದು ನನ್ನ ಉದಾಹರಣೆ.

ಮರುಬೋಧನೆಗೆ ಐವರನ್ನು ರೂಟರ್‌ಗಳನ್ನಾಗಿ ನಿಲ್ಲಿಸಿದೆ: ಗೋಕಾಕ, ವಿಜಯಪುರ, ಬಳ್ಳಾರಿ, ಹುಬ್ಬಳ್ಳಿ, ಬೆಂಗಳೂರು. ಇದು ಕಾಲ್ಪನಿಕ ಜಾಲ. ಸಾಮಾನ್ಯ ಐಪಿ ರೂಟಿಂಗ್‌ನಲ್ಲಿ ಪ್ರತಿ ರೂಟರ್ ವಿಳಾಸ ಓದಿ ಮುಂದಿನ ಹೆಜ್ಜೆಯನ್ನು ತಾನೇ ನಿರ್ಧರಿಸುತ್ತದೆ. ಅದರಂತೆ ಲಕೋಟೆ ಹುಬ್ಬಳ್ಳಿಯ ಮೇಲೆ ಬೆಂಗಳೂರಿಗೆ ಹೋಯಿತು.

ಎರಡನೆಯ ಸಲ ಗೋಕಾಕ ಲಕೋಟೆಗೆ 27 ಎಂಬ ಚೀಟಿ ಅಂಟಿಸಿ ವಿಜಯಪುರಕ್ಕೆ ಕೊಟ್ಟಿತು. ವಿಜಯಪುರ ವಿಳಾಸ ನೋಡದೆ, ತನ್ನ ಕೋಷ್ಟಕದಂತೆ 27 ತೆಗೆದು 41 ಅಂಟಿಸಿತು. ಬಳ್ಳಾರಿ ಚೀಟಿ ಕಿತ್ತು ಬೆಂಗಳೂರಿಗೆ ದಾಟಿಸಿತು. ಲೇಬಲ್ ಎಂದರೆ ಇಷ್ಟೇ: 20 ಬಿಟ್‌ನ ಒಂದು ಸಂಖ್ಯೆ. ಅದರ ಅರ್ಥ ಅಕ್ಕಪಕ್ಕದ ಎರಡು ರೂಟರ್‌ಗಳ ನಡುವೆ ಮಾತ್ರ.

ಆಗ ಹುಬ್ಬಳ್ಳಿಯಾಗಿ ನಿಂತವಳು ಕೇಳಿದಳು: "ನನ್ನ ಮ್ಯಾಲೆ ಹೋದ್ರ ಹತ್ರ ಆಗ್ತಿತ್ತಲ್ರಿ ಸರ್, ಮತ್ತ ಇದು ಒಳದಾರಿ ಹೆಂಗ್ರಿ?"

ಪಾಠದ ತಿರುಳು ಆ ಪ್ರಶ್ನೆಯಲ್ಲೇ ಇತ್ತು. ಹುಬ್ಬಳ್ಳಿ ಹಾದಿಯಲ್ಲಿ ದಟ್ಟಣೆ ಇದ್ದರೆ ನಿರ್ವಾಹಕರು ಬೇಕೆಂದೇ ಸುತ್ತಿನ ಹಾದಿ ಕಟ್ಟಬಹುದು. 'ಒಳದಾರಿ' ಇರುವುದು ನೆಲದ ಮೇಲಲ್ಲ, ಗೋಕಾಕದ ಲೆಕ್ಕದಲ್ಲಿ. ಓಎಸ್‌ಪಿಎಫ್ ಮಾರ್ಗ ಎಣಿಸುವಾಗ ಗೋಕಾಕ ಈ ಹಾದಿಯನ್ನು ಬೆಂಗಳೂರಿಗೆ ಒಂದೇ ಹೆಜ್ಜೆಯೆಂದು ಬಳಸುತ್ತದೆ. ಹೀಗಾಗಿ ಬೆಂಗಳೂರಿನಾಚೆಯ ಮೈಸೂರು, ಕೋಲಾರಗಳ ಪ್ಯಾಕೆಟ್‌ಗಳೂ ಇದರಲ್ಲೇ ಸಾಗುತ್ತವೆ. ಉಳಿದ ರೂಟರ್‌ಗಳ ಲೆಕ್ಕ ಬದಲಾಗುವುದಿಲ್ಲ. ಹಾದಿ ಏಕಮುಖ; ಮರಳಿ ಬರಲು ಬೇರೆಯದೇ ಬೇಕು. ಎಂಪಿಎಲ್‌ಎಸ್‌ನ ರಚನೆಯನ್ನು 2001ರ ಆರ್‌ಎಫ್‌ಸಿ 3031 ವಿವರಿಸಿದರೆ, ಈ ಲೆಕ್ಕದ ಕ್ರಮವನ್ನು 2004ರ ಆರ್‌ಎಫ್‌ಸಿ 3906 ವಿವರಿಸುತ್ತದೆ.

ಮತ್ತೆ ಅದೇ ಪ್ರಶ್ನೆ ಕೇಳಿದೆ. ನಾಲ್ವರು, "ಎಲ್ಲಿ ಹೋಗಬೇಕಂತ ಮೊದಲನೇ ರೂಟರ್ರೇ ಒಮ್ಮೆ ಗೊತ್ತು ಮಾಡ್ತದ" ಎಂದರು. ಒಬ್ಬ ಇನ್ನೂ "ದೂರ ಕಡಿಮಿ" ಎಂದೇ ಹಿಡಿದಿದ್ದ. ಮೊದಲು ಬಿದ್ದ ಉದಾಹರಣೆ ಅಷ್ಟು ಗಟ್ಟಿಯಾಗಿ ಕೂತಿರುತ್ತದೆ.

ಈಗ ನನ್ನ ಪಾಠಯೋಜನೆಯಲ್ಲಿ ಪ್ರತಿ ಉದಾಹರಣೆಯ ಕೆಳಗೆ ಎರಡು ಸಾಲು ಇರುತ್ತವೆ: ಇದು ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ. ಎರಡನೆಯ ಸಾಲು ಬರೆಯಲಾಗದಿದ್ದರೆ ಆ ಉದಾಹರಣೆಯನ್ನು ತರಗತಿಗೆ ಒಯ್ಯುವುದಿಲ್ಲ.