ಎರೆ, ಮಸಾರಿ ಮತ್ತು ರೈಲು ನಿಲ್ದಾಣ: ಸೈದಾಪುರ ಸೀಮೆಯ ಒಕ್ಕಲುತನ

ಮುಂಬಯಿಯಿಂದ ಚೆನ್ನೈಗೆ ಹೋಗುವ ರೈಲುಹಾದಿಯಲ್ಲಿ ಯಾದಗಿರಿ ದಾಟಿ ರಾಯಚೂರಿನ ಕಡೆ ಸಾಗಿದರೆ ನಡುವೆ ಸೈದಾಪುರ ಎಂಬ ನಿಲ್ದಾಣ ಸಿಗುತ್ತದೆ. ಪಶ್ಚಿಮಕ್ಕೆ ಭೀಮಾ ನದಿ, ದಕ್ಷಿಣಕ್ಕೆ ಕೃಷ್ಣೆ, ಪೂರ್ವಕ್ಕೆ ತೆಲಂಗಾಣದ ಗಡಿ. 1948ರವರೆಗೆ ಇದು ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ನಾಡು. 2010ರವರೆಗೆ ಗುಲಬರ್ಗಾ ಜಿಲ್ಲೆಯ ಭಾಗ. ಆಮೇಲೆ ಯಾದಗಿರಿ ಜಿಲ್ಲೆ. ಎರಡು ದೊಡ್ಡ ನದಿಗಳು ಇಷ್ಟು ಹತ್ತಿರದಲ್ಲಿದ್ದರೂ ಇಲ್ಲಿನ ಬಹುಪಾಲು ಹೊಲಗಳು ಇಂದಿಗೂ ಮಳೆಯನ್ನೇ ನಂಬಿವೆ. ಹಾಗಾದರೆ ಇಲ್ಲಿನ ಒಂದು ಒಕ್ಕಲು ಮನೆತನ ವರ್ಷವಿಡೀ ಹೇಗೆ ಬದುಕುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಮೊದಲು ಮಣ್ಣನ್ನು ನೋಡಬೇಕು.

ಈ ಸೀಮೆಯಲ್ಲಿ ರೈತರು ಹೊಲವನ್ನು ಎರಡು ಹೆಸರಿನಿಂದ ಗುರುತಿಸುತ್ತಾರೆ. ಕಲ್ಲುಗುಡ್ಡಗಳ ಆಸುಪಾಸಿನ ಕೆಂಪು, ಹಗುರ ನೆಲ ‘ಮಸಾರಿ’. ತಗ್ಗಿನಲ್ಲಿ, ನದಿಯ ಕಡೆಗೆ ಇರುವ ಕಪ್ಪು ನೆಲ ‘ಎರೆ’. ಮಸಾರಿಯಲ್ಲಿ ಬಿದ್ದ ನೀರು ಬೇಗ ಇಳಿದುಹೋಗುತ್ತದೆ; ಒಂದು ಹದವಾದ ಮಳೆಗೇ ಬಿತ್ತಬಹುದು, ಆದರೆ ಎರಡು ವಾರ ಮಳೆ ತಪ್ಪಿದರೆ ಪೈರು ಬಾಡುತ್ತದೆ. ಎರೆಯ ಗುಣವೇ ಬೇರೆ. ಅದರ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಎರೆಹೊಲದ ಬಿರುಕಿನಲ್ಲಿ ಮೊಳಕೈಯವರೆಗೆ ಕೈ ಇಳಿಸಬಹುದು. ಮೇಲಿನ ಪುಡಿಮಣ್ಣು ಆ ಬಿರುಕಿಗೆ ಬಿದ್ದು ಒಳಗಿನದರ ಜೊತೆ ಬೆರೆಯುವುದರಿಂದ ಈ ನೆಲ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ ಎಂದು ಹೇಳುವುದುಂಟು. ಕುಡಿದ ನೀರನ್ನು ಅದು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ.

ಈಗ ಮಳೆಯ ವಿಷಯ. ಕೃಷಿತಜ್ಞರು ಈ ಭಾಗವನ್ನು ‘ಈಶಾನ್ಯ ಒಣ ವಲಯ’ ಎಂದು ಕರೆಯುತ್ತಾರೆ. ಪಶ್ಚಿಮ ಘಟ್ಟಗಳಲ್ಲಿ ಸುರಿದು ಬರಿದಾದ ಮೋಡಗಳು ಇಲ್ಲಿಗೆ ಬರುವುದರಿಂದ ಜೂನ್, ಜುಲೈ ತಿಂಗಳ ಮಳೆಯನ್ನು ನೆಚ್ಚುವಂತಿಲ್ಲ. ಚೆನ್ನಾಗಿ ಸುರಿಯುವುದು ಹೆಚ್ಚಾಗಿ ಸೆಪ್ಟೆಂಬರಿನಲ್ಲಿ, ಬಂಗಾಳಕೊಲ್ಲಿಯ ವಾಯುಭಾರ ಕುಸಿತಗಳಿಂದ. ರೈತರ ಲೆಕ್ಕದಲ್ಲಿ ಹುಬ್ಬ, ಉತ್ತರ ಮಳೆಗಳಲ್ಲಿ. ಆದ್ದರಿಂದಲೇ ಇಲ್ಲಿ ಎರಡು ಬಿತ್ತನೆ ಬೆಳೆದುಬಂದಿವೆ. ಮೃಗಶಿರ, ಆರಿದ್ರ ಮಳೆಗಳಿಗೆ ಮಸಾರಿಯಲ್ಲಿ ಹೆಸರು, ಸಜ್ಜೆ, ಶೇಂಗಾ, ತೊಗರಿ, ಇದು ಮುಂಗಾರಿ. ಸೆಪ್ಟೆಂಬರಿನ ನೀರನ್ನು ಎರೆ ಕುಡಿದ ಮೇಲೆ ಅದರಲ್ಲಿ ಬಿಳಿಜೋಳ, ಕಡಲೆ, ಕುಸುಬೆ, ಇದು ಹಿಂಗಾರಿ. ಹಿಂಗಾರಿ ಜೋಳ ಬಿತ್ತಿದ ಮೇಲೆ ಒಂದು ಹನಿಯೂ ಬೀಳದೆ, ನೆಲದಲ್ಲಿ ಉಳಿದ ತೇವ ಮತ್ತು ಚಳಿಗಾಲದ ಇಬ್ಬನಿಯಲ್ಲೇ ತೆನೆಗಟ್ಟುವುದುಂಟು. ಜೋಳದ ಎಲೆಯ ಮೇಲೆ ಮೇಣದಂಥ ಪದರವಿದೆ. ಬಿಸಿಲು ಹೆಚ್ಚಾದರೆ ಎಲೆ ಸುರುಳಿಯಾಗಿ ನೀರಿನ ಖರ್ಚನ್ನು ತಗ್ಗಿಸುತ್ತದೆ. ಪಠ್ಯಪುಸ್ತಕದಲ್ಲಿ ನೀವು ಓದುವ ‘ಬಾಷ್ಪವಿಸರ್ಜನೆ’ಯನ್ನು ನೋಡಲು ಡಿಸೆಂಬರಿನ ಜೋಳದ ಹೊಲಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ. ಹೋದವರು ಸೀತನಿ ತಿನ್ನದೆ ಬರಬೇಡಿ!

ಒಂದು ಹೊಲದಲ್ಲಿ ಒಂದೇ ಬೆಳೆ ಎಂಬ ರೂಢಿಯೂ ಹಿಂದೆ ಇರಲಿಲ್ಲ. ಸಜ್ಜೆಯ ಸಾಲುಗಳ ನಡುವೆ ತೊಗರಿಯ ಅಕ್ಕಡಿ ಸಾಲು, ಅಲ್ಲಲ್ಲಿ ಪುಂಡಿ, ಎಳ್ಳು. ಹೆಸರು ಎಪ್ಪತ್ತು ದಿನಗಳ ಒಳಗೆ ಬರುತ್ತದೆ. ತೊಗರಿಗೆ ಐದಾರು ತಿಂಗಳು ಬೇಕು. ಒಂದರ ಬೇರು ಮೇಲೆಯೇ ಹರಡಿದರೆ ತೊಗರಿಯ ತಾಯಿಬೇರು ಆಳಕ್ಕೆ ಇಳಿದು, ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೆ ಕೊಡುತ್ತದೆ. ಮಳೆ ಬೇಗ ಕೈಕೊಟ್ಟರೆ ಹೆಸರು ಹೋದೀತು, ತೊಗರಿ ಉಳಿದೀತು; ತಡವಾಗಿ ಕೈಕೊಟ್ಟರೆ ಹೆಸರಾದರೂ ಮನೆ ಸೇರಿರುತ್ತದೆ. ಎಲ್ಲವೂ ಒಮ್ಮೆಗೇ ಹಾಳಾಗದಂತೆ ನಷ್ಟವನ್ನು ಹಂಚಿಡುವ ಉಪಾಯ ಇದು. ವಿಮಾ ಕಂಪನಿಗಳು ಹುಟ್ಟುವುದಕ್ಕೆ ಬಹಳ ಹಿಂದೆಯೇ ಹಳ್ಳಿ ಕಂಡುಕೊಂಡ ವಿಮೆ ಎಂದರೆ ತಪ್ಪಾಗಲಾರದು.

ಈ ಬೆಳೆಗಳನ್ನು ರೈತನ ಕೈಗೆ ದುಡ್ಡು ಬರುವ ಕ್ರಮದಲ್ಲಿ ನೋಡಿ. ಆಗಸ್ಟಿನ ಕೊನೆಗೆ ಹೆಸರು ಮಾರಾಟವಾಗುತ್ತದೆ. ಆ ಹಣದಲ್ಲೇ ಹಿಂಗಾರಿಯ ಬೀಜ, ಅಂಗಡಿಯ ಬಾಕಿ. ನವೆಂಬರಿನಿಂದ ಹತ್ತಿ, ಡಿಸೆಂಬರ್–ಜನವರಿಗೆ ತೊಗರಿ. ಫೆಬ್ರವರಿ, ಮಾರ್ಚಿನಲ್ಲಿ ಜೋಳ. ಅದು ಮಾರುವುದಕ್ಕಿಂತ ಹೆಚ್ಚಾಗಿ ಉಣ್ಣುವುದಕ್ಕೆ. ಆಮೇಲೆ? ಏಪ್ರಿಲ್, ಮೇ ತಿಂಗಳಲ್ಲಿ ಹೊಲದಲ್ಲಿ ಕೆಲಸವೂ ಇಲ್ಲ, ಕೈಯಲ್ಲಿ ಕಾಸೂ ಇಲ್ಲ. ಭೂಮಿಯೇ ಇಲ್ಲದ ಕೂಲಿಕಾರರ ಮನೆಯಲ್ಲಿ ಈ ಖಾಲಿ ತಿಂಗಳುಗಳು ಇನ್ನೂ ಮೊದಲೇ ಶುರುವಾಗುತ್ತವೆ. ಈ ಸೀಮೆಯ ಬದುಕಿನ ಕಷ್ಟವೆಲ್ಲ ಆ ಖಾಲಿ ತಿಂಗಳುಗಳಲ್ಲಿ ಅಡಗಿದೆ.

ಆ ತೂತನ್ನು ಮುಚ್ಚಲು ಹಳ್ಳಿಗೆ ಹಿಂದೆ ಬೇರೆ ದಾರಿಗಳಿದ್ದವು. ಜೋಳವೆಂದರೆ ಬರೀ ಕಾಳಲ್ಲ. ಅದರ ಕಣಿಕೆ ದನಗಳ ಮೇವು. ಬಣವೆ ದೊಡ್ಡದಿದ್ದರೆ ಬೇಸಿಗೆಯಲ್ಲೂ ಎತ್ತು, ಎಮ್ಮೆ ಉಳಿಯುತ್ತಿದ್ದವು. ಎಮ್ಮೆಯಿಂದ ಹಾಲು, ಎತ್ತಿನಿಂದ ಗಳೆ, ಎರಡರಿಂದಲೂ ಗೊಬ್ಬರ. ಕುರುಬರ ಕುರಿಹಿಂಡುಗಳು ಸುಗ್ಗಿ ಮುಗಿದ ಹೊಲಗಳಲ್ಲಿ ರಾತ್ರಿ ಬೀಡುಬಿಟ್ಟರೆ ಹಿಕ್ಕೆಯೇ ಗೊಬ್ಬರವಾಗುತ್ತಿತ್ತು; ಹೊಲದವರು ಅದಕ್ಕೆ ಕಾಳು ಕೊಡುತ್ತಿದ್ದರು. ಹೆಚ್ಚಾದ ಜೋಳ ನೆಲದೊಳಗಿನ ಹಗೇವಿನಲ್ಲಿ ಬರಗಾಲಕ್ಕಾಗಿ ಕಾದಿರುತ್ತಿತ್ತು.

ಬಿ.ಟಿ. ಹತ್ತಿಗೆ ನಮ್ಮ ದೇಶದಲ್ಲಿ ಅನುಮತಿ ಸಿಕ್ಕಿದ್ದು 2002ರಲ್ಲಿ. ಮುಂದಿನ ವರ್ಷಗಳಲ್ಲಿ ಜೋಳದ ಎಷ್ಟೋ ಎರೆಹೊಲಗಳು ಹತ್ತಿಯ ಪಾಲಾದವು. ರೈತನನ್ನು ಇದಕ್ಕೆ ದೂರುವುದು ಸರಿಯಲ್ಲ. ಜೋಳಕ್ಕೆ ಸಿಗದ ಬೆಲೆ ಹತ್ತಿಗೆ ಸಿಗುತ್ತಿತ್ತು. 2013ರಲ್ಲಿ ಅನ್ನಭಾಗ್ಯ ಯೋಜನೆ ಬಂದು ಪಡಿತರದಲ್ಲಿ ಕಿಲೋಗೆ ಒಂದು ರೂಪಾಯಿಯಂತೆ ಅಕ್ಕಿ ಸಿಕ್ಕಾಗ, ಉಣ್ಣುವುದಕ್ಕಾಗಿ ಜೋಳ ಬೆಳೆಯಲೇಬೇಕೆಂಬ ಒತ್ತಾಯವೂ ಸಡಿಲಾಯಿತು. ಹಸಿವಿನ ದಿನಗಳನ್ನು ಕಂಡವರಿಗೆ ಅದು ಸಣ್ಣ ಸಮಾಧಾನವಲ್ಲ. ಆದರೆ ಹತ್ತಿಕಟ್ಟಿಗೆಯನ್ನು ಎತ್ತು ತಿನ್ನುವುದಿಲ್ಲ. ಮೇವು ಕಡಿಮೆಯಾದಂತೆ ಎತ್ತು ಮಾರಾಟವಾದವು. ಎತ್ತು ಹೋದಮೇಲೆ ಟ್ರ್ಯಾಕ್ಟರ್ ಬಾಡಿಗೆ, ಗೊಬ್ಬರದ ಚೀಲ, ಕೀಟನಾಶಕ ಎಲ್ಲಕ್ಕೂ ನಗದು ಬೇಕಾಯಿತು. 2015ರ ಸುಮಾರಿಗೆ ಗುಲಾಬಿ ಕಾಯಿಕೊರಕ ಬಿ.ಟಿ. ಹತ್ತಿಯನ್ನೂ ಕೊರೆಯತೊಡಗಿದಾಗ ಸಾಲ ಮಾಡಿ ಬಿತ್ತಿದವರು ಪೇಚಿಗೆ ಸಿಕ್ಕರು. ನಷ್ಟವನ್ನು ಹಂಚಿಡುವ ಹಳೆಯ ಲೆಕ್ಕ ಹೋಗಿ, ಎಲ್ಲವನ್ನೂ ಒಂದೇ ಬೆಳೆಯ ಮೇಲೆ ಪಣಕ್ಕಿಟ್ಟಂತಾಗಿತ್ತು.

ನದಿ ದಾಟಿ ಶಹಾಪುರ, ಸುರಪುರದ ಕಡೆ ಹೋದರೆ ನೋಟ ಬದಲಾಗುತ್ತದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಎಡದಂಡೆ ಕಾಲುವೆ ಹರಿದಲ್ಲಿ ಭತ್ತದ ಗದ್ದೆಗಳಿವೆ. ಕಾಲುವೆ ಇದ್ದ ಊರಿಗೆ ನಾಟಿ, ಕಟಾವಿಗೆ ಹೊರಗಿನಿಂದ ಕೂಲಿಯವರು ಬರುತ್ತಾರೆ; ಕಾಲುವೆ ಇಲ್ಲದ ಊರಿನಿಂದ ಕೂಲಿಯವರು ಹೊರಗೆ ಹೋಗುತ್ತಾರೆ. ಒಂದೇ ಜಿಲ್ಲೆಯೊಳಗಿನ ಈ ಅಂತರವನ್ನು ನಿಮ್ಮ ಭೂಪಟದಲ್ಲಿ ಗುರುತು ಮಾಡಿಕೊಳ್ಳಿ.

ಹೊರಗೆ ಹೋಗುವುದಕ್ಕೆ ಇಲ್ಲಿನ ಮಾತು ‘ಗುಳೆ’. ಬೆಂಗಳೂರು, ಹೈದರಾಬಾದ್, ಮುಂಬಯಿ, ಪುಣೆಯ ಕಟ್ಟಡಗಳಲ್ಲಿ ಕಲ್ಲು, ಕಾಂಕ್ರೀಟು ಹೊರುವವರಲ್ಲಿ ಯಾದಗಿರಿ ಜಿಲ್ಲೆಯವರು ಬಹಳ ಮಂದಿ. 1871ರಲ್ಲಿ ಮುಂಬಯಿ ಕಡೆಯ ಹಳಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ಅದೇ ಹಾದಿ ಈಗ ಹಳ್ಳಿಯ ದುಡಿಮೆಯನ್ನೂ ಪಟ್ಟಣಕ್ಕೆ ಒಯ್ಯುತ್ತದೆ. ಇದು ನಮ್ಮೊಬ್ಬರ ಕಥೆಯಲ್ಲ. ಇಂಡೊನೇಷ್ಯದ ಜಾವಾ ದ್ವೀಪದ ಎತ್ತರದ ಊರುಗಳಲ್ಲೂ, ಜ್ವಾಲಾಮುಖಿಯ ಫಲವತ್ತಾದ ಮಣ್ಣಿದ್ದೂ, ಜನ ಜಕಾರ್ತಾಕ್ಕೆ ದುಡಿಯಲು ಹೋಗಿ ರಂಜಾನ್ ಹಬ್ಬಕ್ಕೆ ಗುಂಪುಗುಂಪಾಗಿ ಮರಳುತ್ತಾರೆ. ಮಣ್ಣು ಒಳ್ಳೆಯದಿದ್ದಮಾತ್ರಕ್ಕೆ ತುಂಡುಭೂಮಿಯಲ್ಲಿ ವರ್ಷದ ಹನ್ನೆರಡು ತಿಂಗಳೂ ಕೆಲಸ ಹುಟ್ಟುವುದಿಲ್ಲ.

ಗುಳೆಯನ್ನು ತಡೆಯುವ ಯತ್ನಗಳೂ ನಡೆದಿವೆ. ಉದ್ಯೋಗ ಖಾತ್ರಿ ಕಾಯ್ದೆ 2006ರಲ್ಲಿ ಮೊದಲ ಹಂತದಲ್ಲಿ ಜಾರಿಯಾದ ಜಿಲ್ಲೆಗಳಲ್ಲಿ ಗುಲಬರ್ಗಾ ಒಂದು. ವರ್ಷಕ್ಕೆ ನೂರು ದಿನ ಕೆಲಸದ ಭರವಸೆಯಿಂದ ಬದು, ಕೃಷಿಹೊಂಡಗಳಾದವು. ಕೂಲಿ ಕೈಸೇರುವುದು ತಡವಾದಲ್ಲಿ ಮಾತ್ರ ಜನ ಮತ್ತೆ ರೈಲು ಹತ್ತಿದರು. ಸೈದಾಪುರದ ಹತ್ತಿರದ ಕಡೇಚೂರಿನಲ್ಲಿ ಕೈಗಾರಿಕೆಗಾಗಿ ಮೂರು ಸಾವಿರ ಎಕರೆಗೂ ಹೆಚ್ಚು ಭೂಮಿ ಹೋಯಿತು. ರೈಲ್ವೆಯ ಬೋಗಿ ಕಾರ್ಖಾನೆ, ಔಷಧ ರಾಸಾಯನಿಕದ ಘಟಕಗಳು ಬಂದವು. ದುರ್ವಾಸನೆ, ತ್ಯಾಜ್ಯದ ಬಗ್ಗೆ ಸುತ್ತಲಿನ ಹಳ್ಳಿಗಳ ದೂರೂ ಅದರ ಜೊತೆಗೇ ಬಂದಿತು.

ಗುಳೆಯ ಬೆಲೆಯನ್ನು ತೆರುವವರಲ್ಲಿ ನಿಮ್ಮ ವಯಸ್ಸಿನವರೇ ಮುಂದು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡ 51.83, ರಾಜ್ಯದಲ್ಲೇ ಕೊನೆಯ ಸ್ಥಾನ. ಹೆಣ್ಣುಮಕ್ಕಳದು ಶೇಕಡ 41ರ ಆಸುಪಾಸು. ಬಡತನವೊಂದೇ ಇದಕ್ಕೆ ಕಾರಣವಲ್ಲ, ಕಾಲದ ಹೊಂದಾಣಿಕೆಯೂ ಕಾರಣ. ಹತ್ತಿ ಬಿಡಿಸುವುದು, ತೊಗರಿ ಕೊಯ್ಲು, ಗುಳೆ ಹೊರಡುವುದು ಇವೆಲ್ಲ ಶಾಲೆ ನಡೆಯುವ ತಿಂಗಳುಗಳಲ್ಲೇ ಬರುತ್ತವೆ. ತಾಯಿತಂದೆ ಹೊರಟರೆ ಐದನೆಯ ತರಗತಿಯ ಹುಡುಗಿ ತಮ್ಮನನ್ನು ಎತ್ತಿಕೊಂಡು ಜೊತೆಗೆ ಹೊರಡುತ್ತಾಳೆ, ಇಲ್ಲವೇ ಅಜ್ಜಿಯ ಜೊತೆ ಮನೆ ಕಾಯುತ್ತಾಳೆ. ವಲಸೆ ಹೋದವರ ಮಕ್ಕಳಿಗಾಗಿ ನಗರಗಳಲ್ಲಿ ಟೆಂಟ್ ಶಾಲೆಗಳನ್ನು ತೆರೆದದ್ದು ಈ ಕಾರಣಕ್ಕೇ. ಅಜ್ಜಿಯ ಬಳಿ ಉಳಿದ ಮಕ್ಕಳಿಗಾದರೆ ಊರಿನ ಶಾಲೆ, ಅಲ್ಲಿನ ಮಧ್ಯಾಹ್ನದ ಬಿಸಿಯೂಟ ಮತ್ತು ಸಂಜೆ ಬಂದು ವಿಚಾರಿಸುವ ಒಬ್ಬ ಮಾಸ್ತರು ಇದ್ದರೆ ಆ ವರ್ಷದ ಪರೀಕ್ಷೆ ತಪ್ಪುವುದಿಲ್ಲ. ಮೃಗಶಿರ ಮಳೆಯ ಹೊತ್ತಿಗೆ ಊರಿಗೆ ಮರಳಿದ ತಾಯಿತಂದೆ ಮೊದಲು ಕೇಳುವುದು ಹೊಲ ಹದವಾಗಿದೆಯೇ ಎಂದು. ಎರಡನೆಯದು, ಹುಡುಗಿ ಪಾಸಾದಳೇ ಎಂದು.